ಗೆಳೆಯ ಸೈಕಲ್ಲಿನ ಮೇಲೆಯೇ ಬರಲಿ

ಕಳೆದ ವಾರ ಹುಬ್ಬಳ್ಳಿಯಿಂದ ನನ್ನ ಹಳೆಯ ಮಿತ್ರರೊಬ್ಬರ ದೂರವಾಣಿ ಕರೆ ಬಂದಿತು. ಧಾರವಾಡದಲ್ಲಿ ನಾವಿಬ್ಬರೂ ಶಿಕ್ಷಕರ ತರಬೇತಿಯನ್ನು ಒಟ್ಟಿಗೆ ಪಡೆದವರು, ಒಂದೇ ಕೋಣೆಯಲ್ಲಿದ್ದವರು, ಒಂದೇ ಸೈಕಲ್ಲಿನ ಮೇಲೆ ಆ ಊರನ್ನೆಲ್ಲ ಸುತ್ತಿದವರು. ಈಗ ಅವರಿಗೆ ಎಪ್ಪತ್ತೊಂದು, ನನಗೆ ಎಪ್ಪತ್ತೆರಡು. ಕುಶಲ ಪ್ರಶ್ನೆ ಮುಗಿಯುವ ಮೊದಲೇ ಅವರು ವಿಷಯಕ್ಕೆ ಬಂದರು.

"ಏನ್ ಮಾಸ್ತರ, ಈ ಸಲ ಎಳ್ಳ ಅಮಾಸಿಗೆ ನಿಮ್ಮ ಹೊಲಕ್ಕ ಚರಗಾ ಚೆಲ್ಲಾಕ ಬರತೇನು. ಆದ್ರ ಒಂದ್ ಮಾತು, ಸೈಕಲ್ ಮ್ಯಾಲೇ ಬರಾಂವ."

ನನಗೆ ಆದ ಸಂತೋಷವನ್ನು ಏನೆಂದು ಹೇಳಲಿ! ಹುಬ್ಬಳ್ಳಿಯ ವಿದ್ಯಾನಗರದಿಂದ ಧಾರವಾಡಕ್ಕೆ, ಅಲ್ಲಿಂದ ನರೇಂದ್ರದ ಮೇಲೆ ಹಾಯ್ದು ನಮ್ಮ ಗರಗಕ್ಕೆ, ಎಲ್ಲ ಸೇರಿ ಮೂವತ್ತೈದು ಕಿಲೋಮೀಟರಿನ ಆಸುಪಾಸು. ನಿತ್ಯ ಮುಂಜಾನೆ ಉಣಕಲ್ ಕೆರೆಯವರೆಗೆ ಸೈಕಲ್ ತುಳಿಯುವ ಮನುಷ್ಯನಿಗೆ ಇದೇನೂ ಹಿಮಾಲಯವಲ್ಲ.

ಆದರೆ ಆ ಸಂತೋಷ ಮರುದಿನದವರೆಗೂ ಉಳಿಯಲಿಲ್ಲ. ಅವರ ಮಗನ ಕರೆ ಬಂದಿತು. ಸುಸಂಸ್ಕೃತ ಹುಡುಗ, ತಂದೆಯ ಮೇಲೆ ಜೀವವಿಟ್ಟುಕೊಂಡವನು. "ಕಾಕಾ, ನೀವರೆ ಒಂದ್ ಮಾತ ಹೇಳ್ರಿ. ನಮ್ಮ ಮಾತ ಕೇಳವಲ್ಲರು. ಈ ವಯಸ್ಸಿನ್ಯಾಗ ಆ ರೋಡಿನ್ಯಾಗ ಸೈಕಲ್ ಹೊಡಕೊಂಡ ಹೋದ್ರ ಏನರೆ ಆದೀತು. ಮಂದೀನೂ ಏನಂದಾರು? ಮನ್ಯಾಗ ಕಾರ್ ಐತಿ, ನಾನ ಕರಕೊಂಡ ಬಂದ ಬಿಡತೇನಿ."

ಆ ಕ್ಷಣಕ್ಕೆ "ನೋಡೋಣಪ್ಪ" ಎಂದು ಹೇಳಿ ಫೋನು ಇಟ್ಟೆ. ಅಂದು ರಾತ್ರಿ ನಿದ್ರೆ ಬರಲಿಲ್ಲ. ಆ ಹುಡುಗನಿಗೆ ಕೊಡಬೇಕಾದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಇದನ್ನು ಓದುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ, ಬಂಧುಬಳಗದಲ್ಲಿ ಬಹಳ ಮಂದಿ ಆ ಹುಡುಗನ ಪಕ್ಷದವರೇ ಎಂಬುದನ್ನು ಬಲ್ಲೆ. ಬೆಂಗಳೂರು, ಪುಣೆಗಳಿಂದ ನೀವು ಊರಿಗೆ ಬಂದಾಗಲೆಲ್ಲ ನನ್ನ ಸೈಕಲ್ಲನ್ನು ನೋಡಿ, "ಸರ್, ಇನ್ನೂ ಇದನ್ನ ಇಟ್ಟೀರಿ?" ಎಂದು ನಕ್ಕವರು ತಾನೇ? ಆದ್ದರಿಂದ ಸ್ವಲ್ಪ ತಾಳ್ಮೆಯಿಂದ ಓದಬೇಕು. ಪಾಠ ಮುಗಿಯುವ ಮೊದಲು ಗಂಟೆ ಬಾರಿಸಬೇಡಿರಿ.

ಆ ಹುಡುಗನ ಮಾತಿನಲ್ಲಿ ಎರಡು ಅಂಜಿಕೆಗಳಿವೆ. "ಏನರೆ ಆದೀತು" ಎಂಬುದು ಒಂದು, "ಮಂದಿ ಏನಂದಾರು" ಎಂಬುದು ಇನ್ನೊಂದು. ಮೊದಲನೆಯದು ಗೌರವಕ್ಕೆ ಪಾತ್ರವಾದ ಅಂಜಿಕೆ. ಎರಡನೆಯದಕ್ಕೆ ನನ್ನಲ್ಲಿ ಎಳ್ಳಷ್ಟೂ ಗೌರವವಿಲ್ಲ. ಅದನ್ನೇ ಮೊದಲು ವಿಚಾರಿಸೋಣ.

ನಾನು ಸೈಕಲ್ ಕಲಿತದ್ದು 1964ರ ಸುಮಾರಿಗೆ. ಆಗ ಸೈಕಲ್ ಇದ್ದವನೆಂದರೆ ಊರಿನಲ್ಲಿ ಗಣ್ಯ. ಅದಕ್ಕೂ ಪರವಾನಿಗೆ, ಪಟ್ಟಣಗಳಲ್ಲಿ ಅದಕ್ಕೂ ಕರ, ಕರ ಕಟ್ಟಿದ್ದಕ್ಕೆ ಒಂದು ತಗಡಿನ ಬಿಲ್ಲೆ. ರಾತ್ರಿ ದೀಪವಿಲ್ಲದೆ ಹೋದರೆ, ಇಬ್ಬರು ಕುಳಿತು ಹೋದರೆ ಪೊಲೀಸರು ಹಿಡಿಯುತ್ತಿದ್ದರು. ನಮ್ಮಂಥ ಹುಡುಗರಿಗೆ ಬಾಡಿಗೆ ಸೈಕಲ್ಲೇ ಗತಿ. ತಾಸಿನ ಲೆಕ್ಕದಲ್ಲಿ ಕೊಡುವ ಅಂಗಡಿಯವನು ವಹಿಯಲ್ಲಿ ಹೆಸರು, ಅಪ್ಪನ ಹೆಸರು, ಹೊತ್ತು ಬರೆದುಕೊಳ್ಳುತ್ತಿದ್ದ. ಸೀಟಿನ ಮೇಲೆ ಕುಳಿತರೆ ಕಾಲು ಎಟುಕುತ್ತಿರಲಿಲ್ಲ. ಚೌಕಟ್ಟಿನ ನಡುವೆ ಬಲಗಾಲನ್ನು ತೂರಿಸಿ, ಮೈಯನ್ನು ಒಂದು ಬದಿಗೆ ವಾಲಿಸಿ, ಅರ್ಧ ಪೆಡಲು ಹೊಡೆಯುತ್ತ ಮಠದ ಬಯಲಿನಲ್ಲಿ ಸುತ್ತುತ್ತಿದ್ದೆವು. ಮೊಣಕಾಲಿನ ಗಾಯಕ್ಕೆ ಮನೆಯಲ್ಲಿ ಮೊದಲು ಪೆಟ್ಟು, ಆಮೇಲೆ ಅರಿಸಿನ.

1977ರಲ್ಲಿ ನೌಕರಿ ಸೇರಿದ ಮೇಲೆ ಕೊಂಡ ಮೊದಲ ವಸ್ತು ಸೈಕಲ್. ಮೂವತ್ತಾರು ವರ್ಷ ಅದರ ಮೇಲೆಯೇ ಶಾಲೆಗೆ ಹೋಗಿಬಂದೆ. ಟಾಯರು, ಟ್ಯೂಬು, ಚೈನು, ಫ್ರೀವೀಲು ಎಷ್ಟು ಸಲ ಬದಲಾದವೋ ಲೆಕ್ಕವಿಲ್ಲ. ಚೌಕಟ್ಟು ಮಾತ್ರ ಅದೇ. ಹಾಗಿರುವಾಗ ನನ್ನ ಕಣ್ಣೆದುರಿಗೇ ಈ ವಾಹನದ ಜಾತಿ ಇಳಿಯಿತು! ಗಣ್ಯರ ವಾಹನವಾಗಿದ್ದುದು ಮಾಸ್ತರರ, ಅಂಚೆಯಣ್ಣನ ವಾಹನವಾಯಿತು. ಆಮೇಲೆ ಹಾಲು ಮಾರುವವನದು, ಕೂಲಿಯವನದು ಆಯಿತು. ಕೊನೆಗೆ ಏನೂ ಗತಿಯಿಲ್ಲದವನದು ಎನಿಸಿಕೊಂಡಿತು. ಸೈಕಲ್ಲಿನಲ್ಲಿ ಯಾವ ಬದಲಾವಣೆಯೂ ಆಗಿರಲಿಲ್ಲ. ನಾವು ಬದಲಾದೆವು. ಈಗ ಶಹರದ ಸಿರಿವಂತರು ಲಕ್ಷ ರೂಪಾಯಿಯ ಸೈಕಲ್ ಕೊಂಡು, ಬಣ್ಣಬಣ್ಣದ ಅಂಗಿ ತೊಟ್ಟು ಭಾನುವಾರ ತುಳಿದರೆ ಅದು ಹವ್ಯಾಸ. ಗೌಂಡಿ ಕೆಲಸದವನು ಬುತ್ತಿಗಂಟು ಕಟ್ಟಿಕೊಂಡು ಸೋಮವಾರ ತುಳಿದರೆ ಅದು ಬಡತನ. ವಾಹನ ಒಂದೇ, ದಾರಿ ಒಂದೇ, ಬೆವರೂ ಒಂದೇ. "ಮಂದಿ ಏನಂದಾರು" ಎಂದು ಕೇಳುವವರು ಈ ಮಂದಿಯ ಬುದ್ಧಿಯನ್ನು ಮೊದಲು ತೂಗಿ ನೋಡಬೇಕು.

ಲೆಕ್ಕದ ಮಾಸ್ತರನಾಗಿ ಇನ್ನೊಂದು ಮಾತು. ಒಬ್ಬ ಮನುಷ್ಯ ಒಂದು ಕಿಲೋಮೀಟರು ನಡೆಯಲು ವೆಚ್ಚ ಮಾಡುವ ಶಕ್ತಿಯ ಸುಮಾರು ಐದನೆಯ ಒಂದು ಪಾಲಿನಲ್ಲಿ ಅದೇ ದೂರವನ್ನು ಸಮತಟ್ಟಾದ ದಾರಿಯಲ್ಲಿ ಸೈಕಲ್ಲಿನ ಮೇಲೆ ಕ್ರಮಿಸಬಲ್ಲ. ಹಕ್ಕಿ, ಮೀನು, ಕುದುರೆ, ಮೋಟಾರು ಯಾವುದನ್ನು ತೂಗಿದರೂ, ತನ್ನ ತೂಕವನ್ನು ಇಷ್ಟು ಕಡಿಮೆ ಖರ್ಚಿನಲ್ಲಿ ಒಯ್ಯುವುದು ಇನ್ನೊಂದಿಲ್ಲವೆಂದು ಬಲ್ಲವರು ಲೆಕ್ಕ ಹಾಕಿದ್ದಾರೆ. ಎಪ್ಪತ್ತು ಕಿಲೋ ತೂಕದ ಒಬ್ಬ ಮನುಷ್ಯನನ್ನು ಹುಬ್ಬಳ್ಳಿಯಿಂದ ಗರಗಕ್ಕೆ ತರಲು ಸಾವಿರ ಕಿಲೋ ಕಬ್ಬಿಣವನ್ನು ಉರುಳಿಸುವುದು ಜಾಣತನವೋ? ನೀವೇ ಹೇಳಿರಿ.

ಇನ್ನು ಮೊದಲನೆಯ ಅಂಜಿಕೆ. ರಸ್ತೆ ಅಪಾಯಕರ ಎಂಬ ಮಾತನ್ನು ನಾನು ಅಲ್ಲಗಳೆಯಲಾರೆ. 2022ರ ಒಂದೇ ವರ್ಷದಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1.68 ಲಕ್ಷ ಜನ. ಒಂದು ದೊಡ್ಡ ತಾಲೂಕೇ ಬರಿದಾದಂತೆ. ನರೇಂದ್ರದಿಂದ ಗಬ್ಬೂರಿಗೆ ಹೋಗುವ ಬೈಪಾಸಿನ ಕಥೆಯನ್ನು ನಮ್ಮ ಭಾಗದವರಿಗೆ ಹೇಳಬೇಕಾಗಿಲ್ಲ. 2021ರ ಜನವರಿ 15ರಂದು, ಸಂಕ್ರಾಂತಿಯ ಮರುದಿನ ಮುಂಜಾನೆ, ಇಟ್ಟಿಗಟ್ಟಿಯ ಹತ್ತಿರ ಟಿಪ್ಪರಿಗೆ ಡಿಕ್ಕಿಯಾಗಿ ದಾವಣಗೆರೆಯ ಬಾಲ್ಯದ ಗೆಳತಿಯರು ಪ್ರಾಣ ಕಳೆದುಕೊಂಡದ್ದನ್ನು ನೆನೆದರೆ ಇಂದಿಗೂ ಎದೆ ಭಾರವಾಗುತ್ತದೆ. ಅವರೂ ಹಳೆಯ ಗೆಳೆತನವನ್ನು ನೆನೆಯಲೆಂದೇ ಹೊರಟವರು.

ಆದರೆ ಒಂದು ಸಂಗತಿಯನ್ನು ಗಮನಿಸಬೇಕು. ಆ ತಾಯಂದಿರು ಸೈಕಲ್ಲಿನ ಮೇಲಿರಲಿಲ್ಲ. ಮುಚ್ಚಿದ ವಾಹನದೊಳಗೆ ಕುಳಿತಿದ್ದರು. ಅಪಾಯ ಹುಟ್ಟುವುದು ವೇಗದಿಂದ, ಎರಡೂ ದಿಕ್ಕಿನ ವಾಹನಗಳನ್ನು ಒಂದೇ ಇಕ್ಕಟ್ಟಿನಲ್ಲಿ ಓಡಿಸುವ ರಸ್ತೆಯಿಂದ. ಹೀಗಿದ್ದರೂ ನಾವು ಕಂಡುಕೊಂಡ ಉಪಾಯವೇನು? ಮುದುಕರು ಹೊರಗೆ ಬರಬಾರದು, ಮಕ್ಕಳು ಸೈಕಲ್ ತುಳಿಯಬಾರದು, ಹೆಣ್ಣುಮಕ್ಕಳು ಒಬ್ಬರೇ ಹೋಗಬಾರದು. ಹಾಯುವ ಎತ್ತನ್ನು ಕಟ್ಟಿಹಾಕದೆ ಓಣಿಯ ಕೂಸುಗಳನ್ನೆಲ್ಲ ಮನೆಯೊಳಗೆ ಕೂಡಿಹಾಕಿದಂತಾಯಿತು! ಒಬ್ಬೊಬ್ಬರೇ ಸೈಕಲ್ ಬಿಟ್ಟು ಕಾರು ಹತ್ತಿದಂತೆಲ್ಲ ರಸ್ತೆ ಇನ್ನಷ್ಟು ಅಪಾಯಕರವಾಗುತ್ತದೆ. ಅಪಾಯಕರವಾಗಿದೆಯೆಂದು ಇನ್ನೊಬ್ಬ ಕಾರು ಹತ್ತುತ್ತಾನೆ. ತಂದೆಯನ್ನು ಕಾರಿನಲ್ಲಿ ಕರೆತರುವ ಮಗ ಆ ದಾರಿಯಲ್ಲಿ ಸೈಕಲ್ ತುಳಿಯುವ ಇನ್ನಾವನೋ ಮಗನ ಅಪಾಯವನ್ನು ಅಷ್ಟರಮಟ್ಟಿಗೆ ಹೆಚ್ಚಿಸಿಯೇ ಬರುತ್ತಾನೆ. ಅವನಿಗೆ ಕಾರಿಲ್ಲ. ಅವನು ತುಳಿಯಲೇಬೇಕು.

ಹಾಲೆಂಡಿನ ಮಾತನ್ನು ಎತ್ತಿದರೆ "ಆ ದೇಶದ ಮಾತು ಬ್ಯಾರೆ ಸರ್" ಎನ್ನುತ್ತೀರಿ. ಬೇರೆಯಾಗಿರಲಿಲ್ಲ. ಎರಡನೆಯ ಮಹಾಯುದ್ಧದ ನಂತರ ಅಲ್ಲಿಯವರೂ ಕಾರಿಗೆ ಮರುಳಾಗಿ ಸೈಕಲ್ಲನ್ನು ಬದಿಗೆ ತಳ್ಳಿದ್ದರು. 1971ರಲ್ಲಿ ಆ ಚಿಕ್ಕ ದೇಶದ ರಸ್ತೆಗಳಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ನಾಲ್ಕು ನೂರಕ್ಕೂ ಹೆಚ್ಚು ಮಕ್ಕಳು. ಮಕ್ಕಳ ಕೊಲೆಯನ್ನು ನಿಲ್ಲಿಸಿರಿ ಎಂಬ ಕೂಗಿನೊಂದಿಗೆ ತಂದೆತಾಯಿಗಳು ಬೀದಿಗಿಳಿದರು. ಸೈಕಲ್ಲಿಗೆ ಬೇರೆ ದಾರಿ ಕೇಳಿದರು, ಪಡೆದರು. ನಮ್ಮಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ಜನ ಸಾಯುತ್ತಿದ್ದಾರೆ. ನಾವು ಹೋಗಿ ಇನ್ನೂ ದೊಡ್ಡ ಕಾರಿಗೆ ಸಾಲ ಕೇಳುತ್ತಿದ್ದೇವೆ.

ಇಷ್ಟು ದೂರ ಬಂದ ಮೇಲೆ ನನ್ನ ನಿಜವಾದ ಸಂಕಟವನ್ನು ಹೇಳಿಬಿಡುತ್ತೇನೆ. ಅದು ನನ್ನ ಗೆಳೆಯನದೂ ಅಲ್ಲ, ನನ್ನದೂ ಅಲ್ಲ. ನಮ್ಮಿಬ್ಬರ ಸವಾರಿ ಇನ್ನೆಷ್ಟು ದಿನದ್ದು? ನನ್ನ ಸಂಕಟ ಎಂಟನೆಯ ಇಯತ್ತೆಯ ಮಕ್ಕಳದು.

ನಾನು ನೌಕರಿ ಮಾಡಿದ ಪ್ರೌಢಶಾಲೆಗೆ ಸುತ್ತಲಿನ ಐದಾರು ಹಳ್ಳಿಗಳ ಮಕ್ಕಳು ಬರುತ್ತಿದ್ದರು. ಬರಬೇಕಾದ ಎಲ್ಲರೂ ಬರುತ್ತಿರಲಿಲ್ಲ. ಏಳನೆಯದರಲ್ಲಿ ವರ್ಗಕ್ಕೇ ಮೊದಲಿಗಳಾದ ಹುಡುಗಿ ಜೂನ್ ತಿಂಗಳಲ್ಲಿ ಕಾಣದಿದ್ದಾಗ ಸೈಕಲ್ ಹತ್ತಿ ಅವಳ ಮನೆಗೆ ಹೋಗುತ್ತಿದ್ದೆ. ಕಟ್ಟೆಯ ಮೇಲೆ ಕೂಡಿಸಿ, ಚಹಾ ಕೊಟ್ಟು, ತಂದೆ ಹೇಳುತ್ತಿದ್ದುದು ಒಂದೇ ಮಾತು: "ಹೆಣ್ಣ ಹುಡುಗಿ ಐತ್ರಿ ಸರ, ಆರ್ ಕಿಲೋಮೀಟರ್ ಹ್ಯಾಂಗ ನಡದೀತು? ಹೊತ್ತ ಮುಣಗಿದ ಮ್ಯಾಲೆ ಮನಿಗೆ ಬಂದ್ರ ಹ್ಯಾಂಗ್ರಿ?" ನಾನು ವಾದಿಸುತ್ತಿದ್ದೆ. ಚಹಾ ಆರುತ್ತಿತ್ತು. ಬಾಗಿಲ ಮರೆಯಲ್ಲಿ ಆ ಹುಡುಗಿ ನಿಂತಿರುತ್ತಿದ್ದಳು. ಹತ್ತು ಸಲ ಹೋದರೆ ಎರಡು ಸಲ ಗೆದ್ದಿರಬಹುದು. ಉಳಿದ ಎಂಟು ಮುಖಗಳು ಈಗಲೂ ನೆನಪಿನಲ್ಲಿವೆ.

2006-07ರಲ್ಲಿ ರಾಜ್ಯ ಸರಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲಾರಂಭಿಸಿತು. ಮೊದಲು ಬಡ ಕುಟುಂಬದ ಹೆಣ್ಣುಮಕ್ಕಳಿಗೆ, ನಂತರ ಗಂಡುಮಕ್ಕಳಿಗೂ. ನಮ್ಮ ಶಾಲೆಯ ಅಂಗಳದಲ್ಲಿ ಸೈಕಲ್ಲುಗಳು ಸಾಲಾಗಿ ನಿಂತ ದಿನವನ್ನು ನಾನು ಮರೆಯಲಾರೆ. ಆ ವಾರ ಮೈದಾನದ ತುಂಬ ಬೀಳುವ ಸಪ್ಪಳ, ನಗುವಿನ ಸಪ್ಪಳ. ಒಬ್ಬಳು ಹತ್ತಿದರೆ ನಾಲ್ವರು ಹಿಡಿಯುವವರು. ತಿಂಗಳು ಕಳೆಯುವುದರೊಳಗೆ ಮುಂಜಾನೆ ಹಳ್ಳಿಯ ದಾರಿಯಲ್ಲಿ ನನ್ನ ಹಿಂದಿನಿಂದ ಬೆಲ್ ಬಾರಿಸುತ್ತ "ಸರ್, ನಮಸ್ಕಾರ್ರಿ" ಎಂದು ನನ್ನನ್ನೇ ಹಿಂದೆ ಹಾಕಿ ಹೋಗುತ್ತಿದ್ದರು! ಅಂಥ ಸೋಲು ಯಾವ ಮಾಸ್ತರನಿಗೆ ಬೇಡ? ನಾನು ಮನೆಮನೆಗೆ ಹೋಗಿ ಗೆಲ್ಲಲಾಗದ ವಾದವನ್ನು ಎರಡು ಗಾಲಿಗಳು ಗೆದ್ದವು.

ಇದು ಮುದಿ ಮಾಸ್ತರನ ಭಾವುಕತೆ ಎನ್ನಬೇಡಿರಿ. ಅದೇ 2006ರಲ್ಲಿ ಬಿಹಾರದಲ್ಲಿಯೂ ಹೆಣ್ಣುಮಕ್ಕಳಿಗೆ ಸೈಕಲ್ ಯೋಜನೆ ಬಂದಿತು. ಅದನ್ನು ಅಭ್ಯಾಸ ಮಾಡಿದ ಕಾರ್ತಿಕ್ ಮುರಳೀಧರನ್ ಮತ್ತು ನಿಶೀತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು, ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣ ಶೇಕಡ 32ರಷ್ಟು ಏರಿತೆಂದು 2017ರಲ್ಲಿ ಪ್ರಕಟಿಸಿದರು. ಅದಕ್ಕೂ ಮೊದಲು, 1990ರ ದಶಕದ ಆರಂಭದಲ್ಲಿ, ತಮಿಳುನಾಡಿನ ಪುದುಕೋಟೆ ಜಿಲ್ಲೆಯಲ್ಲಿ ಸಾಕ್ಷರತಾ ಆಂದೋಲನದ ಜೊತೆಗೆ ಸಾವಿರ ಸಾವಿರ ಹೆಂಗಸರು ಸೈಕಲ್ ಕಲಿತರು. ಅಕ್ಷರ ಮತ್ತು ಸೈಕಲ್ ಎರಡನ್ನೂ ಒಂದೇ ಪಾಠವೆಂದು ತಿಳಿದ ಅಧಿಕಾರಿಗಳು, ಕಾರ್ಯಕರ್ತರು ಅಲ್ಲಿದ್ದರು.

ನಮ್ಮ ರಾಜ್ಯದ ಯೋಜನೆ 2020ರಲ್ಲಿ ಕೊರೊನಾ ಕಾಲಕ್ಕೆ ನಿಂತಿತು. ರೋಗ ಹೋಯಿತು, ಶಾಲೆಗಳು ತೆರೆದವು, ಸೈಕಲ್ ಮಾತ್ರ ಬರಲಿಲ್ಲ. ಅಂದು ಎಂಟನೆಯದಕ್ಕೆ ಬಂದ ಮಕ್ಕಳು ಹತ್ತನೆಯದನ್ನು ಮುಗಿಸಿ ಹೋದರು, ಅವರ ಹಿಂದಿನವರೂ ಹೋದರು. ವರ್ಷವರ್ಷ ಆಯವ್ಯಯದ ಹೊತ್ತಿಗೆ ಮಾತು ಏಳುತ್ತಿತ್ತು, ಮಲಗುತ್ತಿತ್ತು.

ವಿರೋಧಿಸುವವರು ಹೇಳುವುದನ್ನು ಬಲ್ಲೆ. ಸೈಕಲ್ಲುಗಳು ಕಳಪೆಯಾಗಿದ್ದವು ಎನ್ನುತ್ತಾರೆ. ನಿಜ. ನಾನೇ ಪಾನಾ ಹಿಡಿದು ಸಡಿಲಾದ ನಟ್ಟುಗಳನ್ನು ಬಿಗಿದಿದ್ದೇನೆ, ಹಿಡಿಯದ ಬ್ರೇಕುಗಳನ್ನು ಸರಿಪಡಿಸಿದ್ದೇನೆ. ಕೆಲವು ತಂದೆಯರು ಮಗಳ ಸೈಕಲ್ಲಿಗೆ ಹಾಲಿನ ಕ್ಯಾನು ಕಟ್ಟಿದ್ದೂ ಉಂಟು, ಒಬ್ಬಿಬ್ಬರು ಮಾರಿದ್ದೂ ಉಂಟು. ಪಠ್ಯಪುಸ್ತಕದಲ್ಲಿ ತಪ್ಪು ಮುದ್ರಣವಾದರೆ ತಿದ್ದಿ ಮುದ್ರಿಸುತ್ತೇವೆಯೋ, ಪುಸ್ತಕವನ್ನೇ ನಿಲ್ಲಿಸುತ್ತೇವೆಯೋ? ಕಳಪೆ ಸೈಕಲ್ಲಿಗೆ ಪರಿಹಾರ ಒಳ್ಳೆಯ ಸೈಕಲ್.

ಇನ್ನೊಂದು ವಾದ: 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ ಪ್ರಯಾಣ ಉಚಿತವಾಗಿದೆಯಲ್ಲ, ಇನ್ನು ಸೈಕಲ್ ಏಕೆ? ಆ ಯೋಜನೆಯ ಬಗ್ಗೆ ನನಗೆ ಗೌರವವಿದೆ. ನನ್ನ ಸೊಸೆಯಂದಿರು ಅದರಿಂದ ಊರೂರು ನೋಡಿದ್ದಾರೆ. ಆದರೆ ಚೀಟಿ ಉಚಿತವಾದ ಮಾತ್ರಕ್ಕೆ ಬಸ್ಸು ಊರಿಗೆ ಬಂದಂತಾಗುವುದಿಲ್ಲ. ದಿನಕ್ಕೆ ಎರಡು ಸಲ ಬಸ್ಸು ಬರುವ ಹಳ್ಳಿಯಲ್ಲಿ, ಆ ಬಸ್ಸೂ ಬಾಗಿಲಿಗೆ ಜೋತುಬಿದ್ದ ಜನರೊಂದಿಗೆ ನಿಲ್ಲದೆ ಹೋದಾಗ, ಬ್ಯಾಗು ಹೊತ್ತ ಹುಡುಗಿ ಏನು ಮಾಡಬೇಕು? ಸಂಜೆಯ ವಿಶೇಷ ತರಗತಿಗೆ ಉಳಿದರೆ ಬಸ್ಸು ತಪ್ಪುತ್ತದೆ. ಗಂಡುಹುಡುಗರಿಗಂತೂ ಆ ಉಚಿತವೂ ಇಲ್ಲ. ಸೈಕಲ್ ಇದ್ದವಳು ತನ್ನ ಹೊತ್ತಿಗೆ ತಾನೇ ಒಡತಿ.

ಇಷ್ಟು ಬರೆಯುವಾಗ ನಮ್ಮೂರಿನ ನೆನಪಾಗದೆ ಇರದು. ಗರಗವೆಂದರೆ ನಿಮಗೆ ಮಡಿವಾಳೇಶ್ವರ ಮಠ. ಹೊರಗಿನವರಿಗೆ ರಾಷ್ಟ್ರಧ್ವಜದ ಖಾದಿ. 1954ರಿಂದ ಇಲ್ಲಿಯ ಕ್ಷೇತ್ರೀಯ ಸೇವಾ ಸಂಘದಲ್ಲಿ ಕೈಯಿಂದ ನೂತು, ಕೈಯಿಂದ ನೇಯ್ದ ಬಟ್ಟೆ ದೇಶದ ಧ್ವಜವಾಗಿ ಹಾರಿದೆ. ನೂಲುವವರು, ನೇಯುವವರು ಬಹುತೇಕ ನಮ್ಮ ಹೆಣ್ಣುಮಕ್ಕಳು. 2021ರ ಡಿಸೆಂಬರ್ 30ರಂದು ಧ್ವಜಸಂಹಿತೆಯನ್ನು ತಿದ್ದಿ, ಯಂತ್ರದಲ್ಲಿ ಮಾಡಿದ ಪಾಲಿಯೆಸ್ಟರ್ ಧ್ವಜಕ್ಕೂ ಒಪ್ಪಿಗೆ ಕೊಟ್ಟರು. ಅಗ್ಗ, ಬೇಗ, ಬೇಕಾದಷ್ಟು ಎಂಬುದು ಅದರ ಸಮರ್ಥನೆ. ಸೈಕಲ್ಲನ್ನು ಮೂಲೆಗೆ ತಳ್ಳಿದ್ದೂ ಇದೇ ತರ್ಕ. ಕೈಯ ದುಡಿಮೆ, ಕಾಲಿನ ದುಡಿಮೆ ಎರಡೂ ನಮಗೆ ನಾಚಿಕೆಯ ವಿಷಯಗಳಾಗಿವೆ. 1951ರಲ್ಲಿ ಆರಂಭವಾದ ಅಟ್ಲಾಸ್ ಸೈಕಲ್ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ ಕೆಲಸ ನಿಲ್ಲಿಸಿದ ದಿನ ಯಾವುದು ಗೊತ್ತೇ? 2020ರ ಜೂನ್ 3. ವಿಶ್ವಸಂಸ್ಥೆ ಘೋಷಿಸಿದ ವಿಶ್ವ ಸೈಕಲ್ ದಿನ! ನನ್ನ ಮೊದಲ ಸೈಕಲ್ಲೂ ಅಟ್ಲಾಸೇ. ಅಂದು ಪತ್ರಿಕೆ ಓದಿ ಮನೆಯವಳಿಗೆ ಹೇಳಿದೆ. ಅವಳು ನಕ್ಕು, "ನಿಮ್ಮ ಗಾಡಿ ಇನ್ನೂ ನಡೀತೈತೆಲ್ಲ, ಅಷ್ಟ ಸಾಕ್ ಬಿಡ್ರಿ" ಎಂದಳು.

ಹಾಗಾದರೆ ನಾನು ಕೇಳುವುದೇನು? ಬಹಳವಿಲ್ಲ. ಎಂಟನೆಯ ತರಗತಿಯ ಮಕ್ಕಳಿಗೆ ಗಟ್ಟಿಮುಟ್ಟಾದ ಸೈಕಲ್ ಪ್ರತಿ ವರ್ಷ ಸಿಗಲಿ. ಅದರೊಂದಿಗೆ ಪ್ರತಿ ಪ್ರೌಢಶಾಲೆಗೆ ಒಂದು ಪಂಪು, ಒಂದಿಷ್ಟು ಪಾನಾ, ಪಂಕ್ಚರ್ ಸಾಮಾನು ಇರಲಿ. ಟ್ಯೂಬಿಗೆ ತೇಪೆ ಹಚ್ಚುವುದನ್ನು ಮಕ್ಕಳು ಶಾಲೆಯಲ್ಲಿಯೇ ಕಲಿಯಲಿ. ಹಳ್ಳಿಯ ರಸ್ತೆಗಳಿಗೆ ಡಾಂಬರು ಹಾಕುವಾಗ ಅಂಚಿನಲ್ಲಿ ಎರಡು ಮಾರು ಗಟ್ಟಿ ನೆಲವನ್ನು ಸೈಕಲ್ಲಿಗೆ, ಪಾದಚಾರಿಗೆ ಬಿಡಲಿ. ಈಗ ಡಾಂಬರಿನ ಅಂಚು ಗೇಣುದ್ದ ಎತ್ತರ, ಕೆಳಗೆ ಮಳೆ ಕೊರೆದ ಕೊರಕಲು. ಹಿಂದಿನಿಂದ ಟ್ರ್ಯಾಕ್ಟರು ಹಾರ್ನು ಹೊಡೆದರೆ ಮಗು ಇಳಿಯುವುದೆಲ್ಲಿಗೆ? ಹುಬ್ಬಳ್ಳಿ-ಧಾರವಾಡದ ನಡುವೆ 2018ರಿಂದ ಚಿಗರಿ ಬಸ್ಸುಗಳು ತಮ್ಮದೇ ಪಥದಲ್ಲಿ ಓಡುತ್ತಿವೆ. ಮನಸ್ಸು ಮಾಡಿದರೆ ರಸ್ತೆಯನ್ನು ಪಾಲು ಹಾಕಬಹುದೆಂಬುದಕ್ಕೆ ಅದೇ ಸಾಕ್ಷಿ. ಬಸ್ಸಿಗೆ ದೊರೆತ ನ್ಯಾಯದಲ್ಲಿ ಕಾಲು ಪಾಲು ಸೈಕಲ್ಲಿಗೆ ದೊರೆಯಲಿ. ನಿಮ್ಮಲ್ಲಿ ಇಂಜಿನಿಯರರಿದ್ದೀರಿ, ಅಧಿಕಾರಿಗಳಿದ್ದೀರಿ, ಪಂಚಾಯತಿ ಸದಸ್ಯರೂ ಇದ್ದೀರಿ. ಈ ಮಾಸ್ತರನ ಕೈಯಲ್ಲಿ ಪೆಟ್ಟು ತಿಂದವರೂ ಇದ್ದೀರಿ. ಆ ಪೆಟ್ಟಿನ ಸಿಟ್ಟನ್ನು ಮರೆತು ಈ ಮಾತನ್ನು ಎಲ್ಲಿ ಎತ್ತಬೇಕೋ ಅಲ್ಲಿ ಎತ್ತಿರಿ.

ಇನ್ನು ಗೆಳೆಯನ ಮಗನಿಗೆ.

ಅಪ್ಪಾ, ನಿನ್ನ ಕಾಳಜಿ ಸುಳ್ಳಲ್ಲ. ಅದಕ್ಕೆಂದೇ ನಿನ್ನ ತಂದೆ ಮತ್ತು ನಾನು ಕುಳಿತು ಯೋಜನೆ ಮಾಡಿದ್ದೇವೆ. ಅವರು ಬೈಪಾಸಿನ ಗೊಡವೆಗೆ ಹೋಗುವುದಿಲ್ಲ. ಹಿಂದಿನ ದಿನ ಮುಂಜಾನೆ ಆರಕ್ಕೆ ಹೊರಟು, ನವನಗರ, ನವಲೂರುಗಳ ಮೇಲೆ ಹಾಯ್ದು, ಬಿಸಿಲೇರುವ ಮೊದಲೇ ಧಾರವಾಡ ಸೇರುತ್ತಾರೆ. ಅಂದು ಅಲ್ಲಿಯೇ ಬಂಧುಗಳ ಮನೆಯಲ್ಲಿ ಉಳಿಯುವುದು. ಅಮಾವಾಸ್ಯೆಯ ದಿನ ಮುಂಜಾನೆ ಉಳಿದ ಹದಿನೇಳು-ಹದಿನೆಂಟು ಕಿಲೋಮೀಟರು. ತಲೆಗೆ ಹೆಲ್ಮೆಟ್ಟು, ಹಿಂದೆ ಕೆಂಪು ದೀಪ, ಮೈಮೇಲೆ ಹೊಳೆಯುವ ಪಟ್ಟಿಯ ಅಂಗಿ ಇರುತ್ತವೆ. ಇವು ಮೂರನ್ನೂ ನೀನೇ ಕೊಂಡು ಕೊಡಬೇಕು. ಕಾರಿನ ಎಣ್ಣೆ ಉಳಿಯಿತಲ್ಲ! ನರೇಂದ್ರದವರೆಗೆ ನಾನೇ ನನ್ನ ಸೈಕಲ್ಲಿನ ಮೇಲೆ ಬಂದು ಎದುರುಗೊಳ್ಳುತ್ತೇನೆ. ಮಳೆಗಾಲದ ಪಡುವಣ ಗಾಳಿ ಈಗಿಲ್ಲ. ಏರು ಬಂದಲ್ಲಿ ಇಳಿದು ನೂಕುತ್ತೇವೆ. ಅದರಲ್ಲಿ ಅವಮಾನವೇನು? ಮಾತಾಡಲು ಅದೇ ಅನುಕೂಲ.

1976ರಲ್ಲಿ ವಿದ್ಯಾವರ್ಧಕ ಸಂಘದ ಉಪನ್ಯಾಸ ಕೇಳಿ ರಾತ್ರಿ ಕೋಣೆಗೆ ಮರಳುವಾಗ ನಿನ್ನ ತಂದೆ ತುಳಿಯುತ್ತಿದ್ದರು, ನಾನು ಹಿಂದೆ ಕ್ಯಾರಿಯರ್ ಮೇಲೆ ಬ್ಯಾಟರಿ ಹಿಡಿದು ಕುಳಿತಿರುತ್ತಿದ್ದೆ. ಪೊಲೀಸರನ್ನು ಕಂಡರೆ ನಾನು ಇಳಿದು ಯಾರೋ ಪರಸ್ಥಳದವನಂತೆ ನಡೆಯಬೇಕು. ತಿರುವಿನ ಆಚೆ ಮತ್ತೆ ಹತ್ತಬೇಕು. ಆ ದಾರಿಗಳನ್ನು ಕಾರಿನ ಗಾಜಿನೊಳಗಿನಿಂದ ನೋಡೆಂದು ಅವರಿಗೆ ಹೇಳಲು ನನ್ನಿಂದಾಗದು.

ನೀನೂ ಬಾ. ನಿನ್ನ ಮಗನನ್ನೂ ಕರೆತಾ. ಧಾರವಾಡದಿಂದ ಇಬ್ಬರೂ ಸೈಕಲ್ಲಿನ ಮೇಲೆಯೇ ಬನ್ನಿರಿ, ಮುದುಕರ ಹಿಂದೆ ಕಾವಲಾದಂತಾಯಿತು. ಹೊಲದಲ್ಲಿ ಬನ್ನಿಗಿಡದ ಕೆಳಗೆ ಪೂಜೆ, ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾದ ಹೋಳಿಗೆ, ಕೆನೆಮೊಸರು. ಜೋಳ ಹಾಲುಗಾಳು ಹಿಡಿದಿದ್ದರೆ ಸೀತನಿಯನ್ನೂ ಸುಡೋಣ. ಹಸಿವಾಗಿ ಬಂದವನಿಗೆ ಅದರ ರುಚಿಯೇ ಬೇರೆ.

ಗಾಳಿ ಹಾಕುವ ಪಂಪು ನಮ್ಮ ಪಡಸಾಲೆಯಲ್ಲಿದೆ. ದಾರಿ ಕಾಯುತ್ತಿರುತ್ತೇನೆ.